ಬತ್ತೇರಿಯ ಕಿಂಡಿಯಲ್ಲೊಂದು ಪ್ರಶ್ನೆ

ಹಂಪನಕಟ್ಟೆಯಿಂದ ಬೋಳೂರಿನತ್ತ ಹೊರಟರೆ ದಾರಿ ಗುರುಪುರ ಹೊಳೆಯ ದಂಡೆಗೆ ಬಂದು ಮುಗಿಯುತ್ತದೆ. ಅಲ್ಲಿ ನಿಂತ ಕರಿಗಲ್ಲಿನ ಗಿಡ್ಡ ಬುರುಜೇ ಸುಲ್ತಾನ್ ಬತ್ತೇರಿ. ದೊಡ್ಡ ಕೋಟೆಯ ಆಸೆಯಲ್ಲಿ ಬಂದ ಮಕ್ಕಳಿಗೆ ಮೊದಲು ನಿರಾಸೆ. ಮೆಟ್ಟಿಲೇರಿ, ಗೋಡೆಯ ಕಿಂಡಿಗೆ ಕಣ್ಣಿಟ್ಟು ಹೊಳೆಯನ್ನೂ ಆಚೆಯ ತಣ್ಣೀರುಬಾವಿಯನ್ನೂ ನೋಡಿದಾಗಲೇ ಗುಟ್ಟು ತಿಳಿಯುವುದು. ಹೊಳೆಗೆ ನುಗ್ಗುವ ಯುದ್ಧದ ಹಡಗುಗಳನ್ನು ತಡೆಯಲು ಟಿಪ್ಪು 1784ರಲ್ಲಿ ಕಟ್ಟಿಸಿದ ಕಾವಲು ಠಾಣೆ ಇದು. ತಿಂಗಳುಗಟ್ಟಲೆ ಮುತ್ತಿಗೆ ಹಾಕಿ, ಆ ವರ್ಷದ ಜನವರಿಯಲ್ಲಷ್ಟೇ ಮಂಗಳೂರಿನ ಕೋಟೆಯನ್ನು ಆತ ಇಂಗ್ಲಿಷರಿಂದ ಮರಳಿ ಪಡೆದಿದ್ದ.

ಜತೆಗಿದ್ದ ಏಳನೇ ತರಗತಿಯ ಸೋದರಳಿಯ ಕಿಂಡಿಯಲ್ಲಿ ತೋರುಬೆರಳು ಮಡಚಿ 'ಢಂ' ಎಂದ. ಆಮೇಲೆ, "ಮಾವ, ಟ್ರಿಗರ್ ಲೂಸ್ ಇದ್ರೆ ಎಂತ ಆಗ್ತದೆ?" ಅವನ ಮನೆಯ ಅಟ್ಟದಲ್ಲಿ, ಅಜ್ಜನ ಪೆಟ್ಟಿಗೆಯಲ್ಲಿ ಚಕಮಕಿ ಪಿಸ್ತೂಲೊಂದು ಸಿಕ್ಕಿತ್ತಂತೆ.

ಟಿಪ್ಪುವಿನ ಸಿಪಾಯಿಗಳ ಕೋವಿಯೂ ಅದೇ ಜಾತಿಯದು. ಕುದುರೆಯ ಬಾಯಲ್ಲಿ ಚಕಮಕಿ ಕಲ್ಲಿನ ಚೂರು. ಕುದುರೆ ಬಿದ್ದಾಗ ಕಲ್ಲು ಉಕ್ಕಿಗೆ ತೀಡಿ ಕಿಡಿ ಹಾರುತ್ತದೆ. ಬಟ್ಟಲಿನ ಮದ್ದು ಹೊತ್ತಿ, ಸಣ್ಣ ತೂತಿನಿಂದ ಬೆಂಕಿ ನಳಿಗೆಗೆ ದಾಟುತ್ತದೆ. ನಮ್ಮ ಆಟಿಯ ಮಳೆಯಲ್ಲಿ ಬಟ್ಟಲು ಒದ್ದೆಯಾಯಿತೋ, ಕೋವಿ ಬರೀ ದೊಣ್ಣೆ! ಮದ್ದನ್ನು ಬತ್ತೇರಿಯ ಅಡಿಯ ನೆಲಮಾಳಿಗೆಯಲ್ಲಿ ಇಡುತ್ತಿದ್ದರು.

ಟ್ರಿಗರಿನ ಪಾತ್ರ ಸಣ್ಣದು. ಅಡ್ಡಲಾಗಿ ತೂರಿಸಿದ ಮೊಳೆಯೊಂದರ ಮೇಲೆ ತೂಗುತ್ತ, ಎಳೆದಾಗ ಒಳಗಿನ ಕೊಂಡಿಯನ್ನು ಎತ್ತುತ್ತದೆ. ಎತ್ತಿದ ಕುದುರೆಯನ್ನು ಹಿಡಿದಿಡುವುದು ಆ ಕೊಂಡಿ ಮತ್ತು ಅದು ಕೂರುವ ಕಚ್ಚು. ಎಷ್ಟೋ ಹಳೆಯ ಪಿಸ್ತೂಲುಗಳಲ್ಲಿ ಟ್ರಿಗರಿಗೆಂದೇ ಸ್ಪ್ರಿಂಗ್ ಇರುವುದಿಲ್ಲ. ತುಸು ಅಲುಗುವುದು ದೋಷವೇ ಅಲ್ಲ. ಮೊಳೆಯೋ ತೂತೋ ಸವೆದಿದ್ದರೆ ಬಲ್ಲವರು ಸ್ವಲ್ಪ ದಪ್ಪ ಮೊಳೆ ಹಾಕಿ ಸರಿಪಡಿಸುತ್ತಾರೆ. ಕಚ್ಚು ಸವೆದಿದ್ದರೆ ಮಾತ್ರ ಕಥೆ ಬೇರೆ. ಎತ್ತಿ ನಿಲ್ಲಿಸಿದ ಕುದುರೆ ಯಾರೂ ಟ್ರಿಗರ್ ಮುಟ್ಟದೆಯೇ ಬಿದ್ದೀತು. ಅರ ಹಿಡಿದು ಕೂತ ಉತ್ಸಾಹಿಗಳು ಕೆಡಿಸುವುದೂ ಈ ಜಾಗವನ್ನೇ.

1959ರ ಶಸ್ತ್ರಾಸ್ತ್ರ ಕಾಯ್ದೆಗೂ ಇಲ್ಲಿ ಮಾತಿದೆ. ರಿಪೇರಿ ಮಾಡಿದರೂ ಸಿಡಿಯದ ಪುರಾತನ ಆಯುಧಕ್ಕೆ ವಿನಾಯಿತಿ ಉಂಟು. ಸಿಡಿಯುವಂಥದ್ದಾದರೆ ಇಟ್ಟುಕೊಳ್ಳಲೂ ಲೈಸೆನ್ಸ್ ಬೇಕು, ರಿಪೇರಿಯ ಕಸುಬಿನವರಿಗೂ ಬೇಕು.

ಬತ್ತೇರಿಯ ಮೆಟ್ಟಿಲಿಂದಲೇ ಭಾವನಿಗೆ ಫೋನ್ ಮಾಡಿದೆ. ಟ್ರಿಗರಿನ ಸುದ್ದಿ ಎತ್ತಲಿಲ್ಲ. "ನಳಿಗೆಯಲ್ಲಿ ಮದ್ದು ಉಂಟಾ, ನೋಡಿದ್ದೀರಾ?" ಎಂದು ಕೇಳಿದೆ. ಹಳೆಯ ಕೋವಿಗಳು ತುಂಬಿದ ಹಾಗೆಯೇ ಪೆಟ್ಟಿಗೆ ಸೇರುವುದುಂಟು. ಒಣಗಿದ್ದರೆ ಕರಿಮದ್ದು ಎಷ್ಟು ವರ್ಷ ಕಳೆದರೂ ಹೊತ್ತಿಕೊಳ್ಳುತ್ತದೆ. ಆ ಕಡೆ ಸ್ವಲ್ಪ ಹೊತ್ತು ಮೌನ.

"ಇಲ್ಲ ಮಾರಾಯ, ನೋಡ್ಲೇ ಇಲ್ಲ. ಇವ ಎರಡು ದಿನದಿಂದ ಅದರಲ್ಲೇ ಆಡ್ತಾ ಇದ್ದ."

ಪೆಟ್ಟಿಗೆಗೆ ಅಂದೇ ಬೀಗ ಬಿತ್ತು. ಮರುದಿನ ಭಾವ ಪೊಲೀಸ್ ಠಾಣೆಗೆ ಹೋಗಿ ವಿಷಯ ತಿಳಿಸಿ ಬಂದರು.