ಬಾಣದ ಮೊನೆ, ಮೈದನಹಳ್ಳಿಯ ಜಿಂಕೆ

ದೇವನಹಳ್ಳಿ ಹತ್ತಿರ ಬಿಲ್ವಿದ್ಯೆ ಅಭ್ಯಾಸ ಮುಗಿಸಿ, ದೊಡ್ಡಬಳ್ಳಾಪುರದ ಮೇಲೆ ಗೌರಿಬಿದನೂರು ಕಡೆ ಹೊರಟಿದ್ವಿ. ಟೀಗೆ ನಿಂತಾಗ ಗೆಳೆಯ ಕೇಳಿದ: "ಅಮೆರಿಕದಲ್ಲಿ ನಮ್ಮಣ್ಣ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗ್ತಾನೆ. ನಾವು ಟಾರ್ಗೆಟ್‌ಗೆ ಹೊಡೆಯೋ ಬಾಣ ಅದಕ್ಕೆ ಸಾಕಾಗಲ್ವಾ ಮಗಾ?"

ಸಾಕಾಗಲ್ಲ. ಟಾರ್ಗೆಟ್ ಬಾಣದ ಮೊನೆ ಸಣ್ಣ ತೂತು ಮಾಡುತ್ತೆ ಅಷ್ಟೇ. ಪ್ರಾಣಿ ಗಾಯ ಹೊತ್ತು ಓಡಿ ನರಳುತ್ತೆ. ಬೇಟೆಗೆ ಬೇಕಾದ್ದು ಬ್ರಾಡ್‌ಹೆಡ್: ಬ್ಲೇಡಿನಷ್ಟು ಹರಿತವಾದ ಎರಡೋ ಮೂರೋ ಅಲಗು. ರಕ್ತ ಹರಿದು ಬೇಗ ಪ್ರಾಣ ಹೋಗಲಿ ಅನ್ನೋದೇ ಅದರ ಲೆಕ್ಕ. ಅಲಗು ಸದಾ ತೆರೆದೇ ಇರೋದು ಗಟ್ಟಿ, ಆದರೆ ಗಾಳಿಗೆ ದಾರಿ ತಪ್ಪಬಹುದು. ತಗುಲಿದಾಗ ಬಿಚ್ಚಿಕೊಳ್ಳೋದು ನೇರ ಹಾರುತ್ತೆ, ಆದರೆ ಬಿಚ್ಚೋಕೆ ಬಾಣದ ಬಲ ಸ್ವಲ್ಪ ಖರ್ಚಾಗುತ್ತೆ. ಕಡಿಮೆ ಬಲದ ಬಿಲ್ಲಿಗೆ ಅದು ಒಗ್ಗಲ್ಲ.

ನಮ್ಮಲ್ಲಿ ಈ ಆಯ್ಕೆಯೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಂಕೆ ಬೇಟೆ ಅಪರಾಧ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಇದೆ. ಸುರುಳಿ ಕೊಂಬಿನ ಕಪ್ಪು ಗಂಡು, ಕಂದು ಹೆಣ್ಣು. ನಮ್ಮನ್ನು ಕಂಡಿದ್ದೇ ತಡ, ಹಿಂಡು ನೆಗೆದು ಬಯಲಾಚೆ ಹೋಯ್ತು. ನೋಡೋಕೆ ಹೋಗೋರು ಬೆಳಗ್ಗೆ ಬೇಗ ಹೊರಡಿ, ಬಿಲ್ಲು ಮನೇಲಿಟ್ಟು ಬೈನಾಕ್ಯುಲರ್ ತಗೊಳ್ಳಿ.