ಹಸು ಕಳುವಾದ ಹಾಡು

ರಾಮೇಗೌಡ ಎಂಬ ಹೆಸರಿಗೆ ತುಮಕೂರು ಸೀಮೆಯಲ್ಲಿ ಬರವಿಲ್ಲ. ಗುಬ್ಬಿ ಸಂತೆಯಲ್ಲಿ ನಿಂತು ಗಟ್ಟಿಯಾಗಿ ಕೂಗಿದರೆ ನಾಲ್ಕು ತಲೆಯಾದರೂ ಇತ್ತ ತಿರುಗುತ್ತವೆ. ನನಗೆ ಬಹಳ ಪ್ರಿಯನಾದ ರಾಮೇಗೌಡ ಮಾತ್ರ ಸ್ಕಾಟ್ಲೆಂಡಿನವನು. ಅಲ್ಲಿ ಅವನ ಹೆಸರು ರಾಬಿನ್ ಗ್ರೇ. ಅವನನ್ನು ಕನ್ನಡಕ್ಕೆ ಕರೆತಂದು ನಮ್ಮವನನ್ನಾಗಿ ಮಾಡಿದವರು ಬಿ.ಎಂ. ಶ್ರೀಕಂಠಯ್ಯನವರು. 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದ ‘ಮುದಿಯ ರಾಮೇಗೌಡ’ನೇ ಆತ.

ಶ್ರೀಯವರು ಹುಟ್ಟಿದ್ದು ನಮ್ಮ ಜಿಲ್ಲೆಯಲ್ಲೇ, ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, 1884ರ ಜನವರಿಯಲ್ಲಿ. ಅವರ ಮಾತು ಬಂದಾಗಲೆಲ್ಲ ಷೆಲ್ಲಿ, ವರ್ಡ್ಸ್‌ವರ್ತ್, ಬರ್ನ್ಸ್ ಎಂದು ಗಂಡಸರ ಹೆಸರುಗಳೇ ಸಾಲುಗಟ್ಟಿ ಬರುತ್ತವೆ. ಹೊಸಗನ್ನಡ ಕವಿತೆಯ ಬಾಗಿಲು ತೆರೆದಾಗ ಅವರ ಜೊತೆ ಒಬ್ಬ ಹೆಣ್ಣುಮಗಳೂ ಒಳಗೆ ಬಂದಳು ಎಂಬುದನ್ನು ಯಾರೂ ಎತ್ತಿ ಹೇಳುವುದಿಲ್ಲ. ನನಗೆ ಅದನ್ನು ಹೇಳಬೇಕೆಂಬ ಆಸೆ ಬಹಳ ದಿನದಿಂದ ಇದೆ.

ಅವಳು ಲೇಡಿ ಆನ್ ಲಿಂಡ್ಸೆ. 1750ರಲ್ಲಿ ಸ್ಕಾಟ್ಲೆಂಡಿನ ಬಾಲ್ಕಾರಸ್ ಮನೆತನದಲ್ಲಿ ಹುಟ್ಟಿದವಳು, ತುಂಬು ಸಂಸಾರದ ಹಿರಿಯ ಮಗಳು. ತಂಗಿ ಮಾರ್ಗರೆಟ್ ಮದುವೆಯಾಗಿ ಲಂಡನ್ನಿಗೆ ಹೊರಟುಹೋದ ಮೇಲೆ ಮನೆ ಬಿಕೋ ಎಂದಿತು. ಬೇಸರ ಕಳೆಯಲು ಆನ್ ಪದ್ಯ ಕಟ್ಟತೊಡಗಿದಳು. ಮನೆಗೆ ಬಂದುಹೋಗುತ್ತಿದ್ದ ಮುದುಕಿಯೊಬ್ಬಳು ಹಳೆಯ ಧಾಟಿಯೊಂದನ್ನು ಹಾಡುತ್ತಿದ್ದಳು. ಧಾಟಿ ಸೊಗಸು, ಮಾತು ಮಾತ್ರ ಪೋಲಿ. ಆ ಧಾಟಿಗೆ ಬಡವರ ಮನೆಯ ದುಃಖವೊಂದನ್ನು ತೊಡಿಸಬೇಕೆಂದು ಆನ್ ಹೊರಟಳು. ಮುದುಕ ನಾಯಕನಿಗೆ ತಮ್ಮ ಮನೆಯ ದನಗಾಹಿಯ ಹೆಸರನ್ನೇ ಇಟ್ಟಳು.

ಕಥೆ ಇಷ್ಟು. ಹುಡುಗಿಯನ್ನು ಮೆಚ್ಚಿದ ಹುಡುಗನ ಹತ್ತಿರ ಇದ್ದದ್ದು ಒಂದೇ ಕ್ರೌನ್ ನಾಣ್ಯ. ನಾಲ್ಕು ಕ್ರೌನ್ ಸೇರಿದರೆ ಒಂದು ಪೌಂಡು. ಉಳಿದ ಮೂರು ನಾಣ್ಯ ಗಳಿಸಿಕೊಂಡು ಬರಲೆಂದು ಅವನು ಹಡಗು ಹತ್ತಿದ. ಇತ್ತ ಅಪ್ಪನ ಕೈ ಮುರಿಯಿತು, ಅಮ್ಮ ಹಾಸಿಗೆ ಹಿಡಿದಳು, ಕೊಟ್ಟಿಗೆಯ ಹಸುವನ್ನು ಯಾರೋ ಕದ್ದೊಯ್ದರು. ಹಗಲಿರುಳು ದುಡಿದರೂ ಹುಡುಗಿಗೆ ಮನೆಮಂದಿಯ ಹೊಟ್ಟೆ ತುಂಬಿಸಲಾಗಲಿಲ್ಲ. ಮುದುಕ ಆ ಮನೆಯನ್ನು ಸಾಕಿದ, ಕಣ್ಣಲ್ಲಿ ನೀರು ತಂದುಕೊಂಡು ನನ್ನನ್ನು ಮದುವೆಯಾಗು ಎಂದ. ಅಷ್ಟರಲ್ಲಿ ಹಡಗು ಒಡೆಯಿತೆಂಬ ಸುದ್ದಿ. ಅಪ್ಪ ಒತ್ತಾಯ ಮಾಡಿದ. ಅಮ್ಮ ತುಟಿ ಬಿಚ್ಚಲಿಲ್ಲ, ಮಗಳ ಮುಖವನ್ನೇ ನೋಡಿದಳು. ಮದುವೆಯಾಗಿ ನಾಲ್ಕು ವಾರಕ್ಕೆ ಹುಡುಗ ಬಾಗಿಲಿಗೆ ಬಂದು ನಿಂತ.

ತಾಯಿಯ ಆ ನೋಟದಲ್ಲಿ ನನಗೆ ಇಡೀ ಪದ್ಯ ಕಾಣುತ್ತದೆ. ಗದರಿದ್ದರೆ ಹುಡುಗಿ ಎದುರು ಮಾತಾಡುತ್ತಿದ್ದಳು. ಮಾತಿಲ್ಲದ ಮುಖಕ್ಕೆ ಏನು ಉತ್ತರ ಕೊಟ್ಟಾಳು? ಹೆಣ್ಣಿನ ಕೈ ಬರೆದ ಗುರುತು ಅಲ್ಲಿದೆ. ಇನ್ನೊಂದು ಗುರುತು, ಹಾಡು ಹುಟ್ಟುವ ಹೊತ್ತು: ಕುರಿದನ ಹಟ್ಟಿ ಸೇರಿ, ಗಂಡ ಪಕ್ಕದಲ್ಲಿ ನೆಮ್ಮದಿಯಾಗಿ ನಿದ್ದೆಹೋಗಿರುವಾಗ ಇವಳೊಬ್ಬಳು ಎಚ್ಚರವಾಗಿ ಹಾಡಿಕೊಳ್ಳುತ್ತಾಳೆ. ಶಿರಾ ಕಡೆಯ ಕಾಡುಗೊಲ್ಲರ ಹಟ್ಟಿಗಳನ್ನು ಕಂಡವರಿಗೆ ಈ ಹೊತ್ತು ಯಾವುದೆಂದು ವಿವರಿಸಬೇಕಾಗಿಲ್ಲ. ಬೀಸುವ ಕಲ್ಲಿನ ಮುಂದೆ ಕುಳಿತು ನಮ್ಮ ಹೆಂಗಸರು ಹೇಳಿಕೊಂಡದ್ದೂ ಇಂಥದೇ ದುಃಖವನ್ನು. ಸಾಲುಸಾಲಿಗೂ ಎರಡನೆಯ ಅಕ್ಷರದ ಪ್ರಾಸಕ್ಕೆ ತಡಕಾಡುವ ಪಂಡಿತರ ಪದ್ಯದಲ್ಲಿ ಆ ದನಿಗೆ ಸುಲಭವಾಗಿ ಜಾಗ ಸಿಗುತ್ತಿರಲಿಲ್ಲ. ಶ್ರೀಯವರು ಆ ಪ್ರಾಸದ ಕಟ್ಟನ್ನು ಬಿಚ್ಚಿ, ಆಡುಮಾತಿಗೆ ಹತ್ತಿರವಾದ ಮಾತ್ರಾಗಣಗಳಲ್ಲಿ ಬರೆದದ್ದರಿಂದ ಪರದೇಶದ ಹಾಡು ನಮ್ಮೂರ ಹೆಂಗಸಿನ ಬಾಯಿಗೆ ಒಗ್ಗಿತು.

ಬಂಗಾಳದಲ್ಲಿ ಇಂಗ್ಲಿಷ್ ಕವಿತೆಯ ಈ ಗಾಳಿ ಇನ್ನೂ ಮೊದಲೇ ಬೀಸಿತ್ತು. ಕಲ್ಕತ್ತೆಯ ಹಿಂದೂ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ತರುಣ ಕವಿ ಡೆರೋಜಿಯೋ ತನ್ನ ಕಾಲದ ಕವಯಿತ್ರಿ ಲೆಟಿಷಿಯಾ ಲ್ಯಾಂಡನ್‌ಳನ್ನು ಮೆಚ್ಚಿ ಓದಿದ್ದ. ಆದರೆ ಅವನು ಬರೆದದ್ದು ಇಂಗ್ಲಿಷಿನಲ್ಲಿ. ನಮ್ಮಲ್ಲಿ ತಡವಾಗಿ ಬಂದದ್ದು ನೇರ ಕನ್ನಡಕ್ಕೇ ಬಂದಿತು. ಹೊಸ ಕವಿತೆ ಅಡುಗೆಮನೆಗಳನ್ನೂ ತಲುಪಿತು. ಶಿರಾ, ಹಿರಿಯೂರು ದಾಟಿದರೆ ಸಿಗುವ ಚಳ್ಳಕೆರೆ ಸೀಮೆಯ ಬೆಳಗೆರೆ ಜಾನಕಮ್ಮ ಸಂಸಾರದ ನಡುವೆಯೇ ಕವಿತೆ ಬರೆದರು. 1912ರಲ್ಲಿ ಹುಟ್ಟಿದ ಆಕೆ 1948ರಲ್ಲೇ ತೀರಿಕೊಂಡರು. ಇನ್ನೊಂದಿಷ್ಟು ವರ್ಷ ಇರಬೇಕಿತ್ತು.

ಈಚೆಗೆ ಈ ಹಾಡು ನನಗೆ ನೆನಪಾಗುವುದು ವಸಂತನರಸಾಪುರದ ಕಡೆ ಹೋದಾಗ. 2014ರಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾದ ಆ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಬಿಡುವ ಹೊತ್ತಿಗೆ ಸುತ್ತಲ ಹಳ್ಳಿಗಳ ಹುಡುಗಿಯರು ಊಟದ ಡಬ್ಬಿ ಹಿಡಿದು ಬಸ್ಸಿಗೆ ಕಾಯುತ್ತಿರುತ್ತಾರೆ. ಅಪ್ಪನ ಆಸ್ಪತ್ರೆ ಖರ್ಚು, ತಮ್ಮನ ಕಾಲೇಜು ಫೀಸು, ಹೊಸದಾಗಿ ಕಟ್ಟಿದ ಸೀಮೆಹಸುವಿನ ಸಾಲ, ಎಲ್ಲದರ ಮಾತೂ ಅಲ್ಲಿ ಕಿವಿಗೆ ಬೀಳುತ್ತದೆ. ತಿಂಗಳ ಸಂಬಳ ಇವರ ಕೈಗೇ ಬರುತ್ತದೆ. ಮುರಿದ ಕೈಗೆ ಮದ್ದು ಮಾಡಿಸುವಷ್ಟು ದುಡ್ಡು ಹಾಡಿನ ಆ ಹುಡುಗಿಯ ಸೆರಗಿನಲ್ಲಿ ಇದ್ದಿದ್ದರೆ ಎಂದು ನಾನು ಪ್ರತಿಸಲವೂ ಮರುಗುತ್ತೇನೆ.

ಹಾಡನ್ನು ಕಟ್ಟುವಾಗ ಆನ್ ತನ್ನ ಪುಟ್ಟ ತಂಗಿ ಎಲಿಜಬೆತ್‌ಳ ನೆರವು ಕೇಳಿದ್ದಳಂತೆ. ಹುಡುಗನನ್ನು ಕಡಲಿಗೆ ಕಳಿಸಿದ್ದಾಯಿತು, ಅಪ್ಪನ ಕೈ ಮುರಿದದ್ದಾಯಿತು, ಅಮ್ಮನಿಗೆ ಕಾಯಿಲೆ ತರಿಸಿ, ಮುದುಕನನ್ನೂ ಗಂಟುಹಾಕಿದ್ದಾಯಿತು. ಇನ್ನೂ ಒಂದು ಕಷ್ಟ ಬೇಕು, ಏನು ಮಾಡಲಿ? ಹಸು ಕದ್ದುಬಿಡು ಎಂದಳಂತೆ ಆ ಮಗು. ಕೂಡಲೇ ಹಸು ಕಳುವಾಯಿತು, ಹಾಡು ಮುಗಿಯಿತು.

ಬರೆದವಳು ನಾನೇ ಎಂದು ಆನ್ ಬಹುಕಾಲ ಹೇಳಿಕೊಳ್ಳಲೇ ಇಲ್ಲ. ಹಾಡು ಊರೂರು ತಿರುಗಿತು, ಬೇರೆಯವರು ತಮ್ಮದೆಂದರು. ಕರ್ತೃವನ್ನು ಪತ್ತೆಮಾಡಿದವರಿಗೆ ಇಪ್ಪತ್ತು ಗಿನಿ ಬಹುಮಾನವೆಂದು ಪತ್ರಿಕೆಯಲ್ಲಿ ಪ್ರಕಟಣೆಯೂ ಬಂತು. ಕೊನೆಗೆ ಅವಳು ವಾಲ್ಟರ್ ಸ್ಕಾಟ್‌ಗೆ ಕಾಗದ ಬರೆದು ಒಪ್ಪಿಕೊಂಡದ್ದು 1823ರಲ್ಲಿ, ಅಂದರೆ ಸುಮಾರು ಐವತ್ತು ವರ್ಷದ ಮೇಲೆ. ಮುಂದೆ ಎರಡೇ ವರ್ಷ ಬದುಕಿದಳು.

ತಾಯಿಗೆ ಕಥೆಯ ಮುಂದಿನ ಭಾಗ ಬೇಕಾಗಿತ್ತೆಂದು ಆನ್ ಅದನ್ನೂ ಬರೆದಳು. ಅದರಲ್ಲಿ ಮುದುಕ ಸಾಯುವ ಹೊತ್ತಿಗೆ, ಹುಡುಗಿ ತನಗೆ ದಕ್ಕಲೆಂದು ಹಸು ಕದ್ದವನು ತಾನೇ ಎಂದು ಬಾಯಿಬಿಡುತ್ತಾನೆ. ಅವಳು ಹುಡುಗನನ್ನು ಸೇರುತ್ತಾಳೆ. ಈ ಭಾಗ ನನಗೆ ಒಂದಿಷ್ಟೂ ಹಿಡಿಸಲಿಲ್ಲ. ಯಾರ ತಪ್ಪೂ ಇಲ್ಲದೆ ಒಂದು ಬಾಳು ಹೀಗೆ ಒಡೆಯಬಲ್ಲದು ಎಂಬುದೇ ಮೊದಲ ಹಾಡಿನ ಕಟುಸತ್ಯ. ಕಳ್ಳನೊಬ್ಬ ಸಿಕ್ಕಿದೊಡನೆ ಅದು ಸಡಿಲವಾಗುತ್ತದೆ. ಶ್ರೀಯವರು ಕನ್ನಡಕ್ಕೆ ತಂದದ್ದು ಮೊದಲ ಹಾಡನ್ನು. ನಮ್ಮ ರಾಮೇಗೌಡ ಹಸು ಕದ್ದವನಲ್ಲ.