ವಿಮಾನ ದಾಟುವವರೆಗೆ

ಬೆಂಗಳೂರಿನ ಜೀವನ್ ಬಿಮಾ ನಗರದಲ್ಲಿ ಬೆಳೆದವರಿಗೆ ಮಾತನ್ನು ಅರ್ಧಕ್ಕೆ ನಿಲ್ಲಿಸುವ ಅಭ್ಯಾಸ ತಾನಾಗಿ ಬಂದಿರುತ್ತದೆ. ಎಚ್‌ಎಎಲ್ ರನ್‌ವೇ ಅಷ್ಟು ಹತ್ತಿರ. ತಲೆಯ ಮೇಲೆ ವಿಮಾನ ಬಂತೆಂದರೆ ಫೋನಿನಲ್ಲಿದ್ದವರು ಸುಮ್ಮನಾಗುತ್ತಿದ್ದರು. ಮೇಷ್ಟ್ರು ಸೀಮೆಸುಣ್ಣ ಹಿಡಿದ ಕೈಯನ್ನು ಬೋರ್ಡಿನ ಮೇಲೆ ಹಾಗೇ ಇಟ್ಟು ಕಾಯುತ್ತಿದ್ದರು. ಅಮ್ಮ ಬೈಯುತ್ತಿದ್ದರೆ ಅದೂ ವಿಮಾನ ದಾಟಿದ ಮೇಲೆ ಬಿಟ್ಟಲ್ಲಿಂದ ಶುರುವಾಗುತ್ತಿತ್ತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆದು ಪ್ರಯಾಣಿಕರ ವಿಮಾನಗಳು ಅತ್ತ ಹೋದವು. ಆದರೂ ಎಲ್‌ಐಸಿ ಕಟ್ಟಿಸಿದ ನಮ್ಮ ಕಾಲೊನಿಯ ಆಕಾಶ ಪೂರ್ತಿ ಖಾಲಿಯಾಗಲಿಲ್ಲ. ಇವತ್ತಿಗೂ ತೇಜಸ್ ಯುದ್ಧವಿಮಾನ ಹಾರಿದರೆ ಕಿಟಕಿಯ ಗಾಜು ನಡುಗುತ್ತದೆ.

ನನ್ನ ಹವ್ಯಾಸ ಹುಟ್ಟಿದ್ದು ಅಂಥ ಒಂದು ನಡುಕದಲ್ಲಿ. ಅಮೆರಿಕದಿಂದ ಬಂದ ಅಣ್ಣ ‘ದಿ ಸ್ಪೆಕ್ಟಾಕ್ಯುಲರ್ ಸ್ಪೈಡರ್-ಮ್ಯಾನ್’ ಎಂಬ ಕಾರ್ಟೂನ್ ಸರಣಿಯ ಡಿವಿಡಿಗಳನ್ನು ತಂದುಕೊಟ್ಟಿದ್ದ. ಕಂಪ್ಯೂಟರಿನಲ್ಲಿ ಹಾಕಿ ನೋಡುತ್ತಿದ್ದೆ. ಒಳ್ಳೆಯ ಹೊಡೆದಾಟದ ನಡುವೆ ತೇಜಸ್ ಬಂತು. ಒಂದು ಮಾತೂ ಕೇಳಿಸದೆ ಸ್ಪೇಸ್ ಕೀಲಿ ಒತ್ತಿ ಚಿತ್ರ ನಿಲ್ಲಿಸಿದೆ. ಪರದೆಯ ಮೇಲೆ ನಿಂತದ್ದು ನಾನು ಅದುವರೆಗೆ ಕಂಡಿರದ ಸ್ಪೈಡರ್-ಮ್ಯಾನ್. ಅವನ ಬಲಗೈ ಭುಜದಿಂದ ಮುಷ್ಟಿಯವರೆಗೆ ಎಳೆದ ರಬ್ಬರಿನಂತೆ ಉದ್ದವಾಗಿತ್ತು. ಮೊಣಕೈ ಇರಬೇಕಾದಲ್ಲಿ ಬರೀ ಕೆಂಪು ಬಣ್ಣದ ಒಂದು ಬೀಸು. ಕಣ್ಣುಗಳಲ್ಲಿ ಒಂದು ಚಿಕ್ಕದು, ಒಂದು ದೊಡ್ಡದು. ವಿಮಾನ ದಾಟಿತು, ನಾನು ಮಾತ್ರ ಮುಂದಕ್ಕೆ ಒತ್ತಲಿಲ್ಲ. ಯಾರೋ ಒಬ್ಬ ಕಲಾವಿದ, ಕಣ್ಣಿಗೆ ಬೀಳುವ ಮೊದಲೇ ಮಾಯವಾಗುವ ಈ ಚಿತ್ರವನ್ನು ಬೇಕೆಂದೇ ಹೀಗೆ ಬರೆದಿದ್ದ. ಓಡುವಾಗ ಅದು ಏಟು, ನಿಂತಾಗ ವಿಕಾರ.

ಅಂದಿನಿಂದ ಇದೇ ನನ್ನ ಸಂಜೆಯ ಸುಖ. ವಿಎಲ್‌ಸಿ ಪ್ಲೇಯರಿನಲ್ಲಿ ‘ಇ’ ಕೀಲಿ ಒತ್ತಿದರೆ ಚಿತ್ರ ಒಂದೊಂದೇ ಫ್ರೇಮ್ ಮುಂದೆ ಸರಿಯುತ್ತದೆ. ಸೆಕೆಂಡಿಗೆ 24 ಫ್ರೇಮ್. ಟಿವಿಯ ಕಾರ್ಟೂನುಗಳಲ್ಲಿ ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸುತ್ತಾರೆ, ಹಾಗಾಗಿ ಎರಡು ಸಲ ಒತ್ತಿದರೆ ಒಂದು ಹೊಸ ಚಿತ್ರ. ಬೇಕಾದದ್ದು ಸಿಕ್ಕಾಗ ಪ್ರಿಂಟ್ ತೆಗೆದು, ಬೆಳಗ್ಗೆ ಬಾಲ್ಕನಿಯ ಗಾಜಿಗೆ ಅಂಟಿಸಿ, ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಎಚ್‌ಬಿ ಪೆನ್ಸಿಲಿನಲ್ಲಿ ತಿದ್ದುತ್ತೇನೆ. ಹನ್ನೆರಡು ಹಾಳೆ ಸೇರಿಸಿ ಕ್ಲಿಪ್ ಹಾಕಿ ಹೆಬ್ಬೆರಳಿನಿಂದ ಸರ್ರನೆ ಬಿಟ್ಟರೆ ಒಂದು ಸೆಕೆಂಡಿನ ಜಿಗಿತ. ಆ ಜಿಗಿತವನ್ನು ಕೈಯಲ್ಲಿ ಹಿಡಿದುಕೊಂಡ ಸಂತೋಷಕ್ಕೆ ನನಗೆ ಬೇರೆ ಹೋಲಿಕೆ ಹೊಳೆಯುವುದಿಲ್ಲ.

ತಿದ್ದುತ್ತಾ ಹೋದಂತೆ ಈ ಸರಣಿಯ ಗುಣ ಕೈಗೇ ತಿಳಿಯತೊಡಗಿತು. ಪಾತ್ರಗಳ ರೂಪ ಕೊಟ್ಟವರು ಶಾನ್ ‘ಚೀಕ್ಸ್’ ಗ್ಯಾಲೋವೇ. ದೊಡ್ಡ ಕಣ್ಣು, ಸಣಕಲು ಕಾಲು, ಚೂಪು ಗಲ್ಲ. ಸ್ನಾಯುಗಳ ಗೆರೆಗಳೇ ಇಲ್ಲ. ಮೊದಲ ನೋಟಕ್ಕೆ ತೀರಾ ಮಕ್ಕಳ ಚಿತ್ರ ಅನ್ನಿಸಿ ಅನೇಕ ಅಭಿಮಾನಿಗಳು ಮುಖ ತಿರುಗಿಸಿದ್ದರು. ಆದರೆ ಗೆರೆ ಕಡಿಮೆಯಾದಷ್ಟೂ ಮೈ ಹಗುರ. ಸ್ನಾಯುವಿಗೆ ಹೋಗಬೇಕಾದ ದುಡಿಮೆಯೆಲ್ಲ ಚಲನೆಗೆ ಸಿಕ್ಕಿದೆ. ಸ್ಪೈಡರ್-ಮ್ಯಾನ್ ಗೋಡೆಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತಾಗ ಬೆನ್ನಿನ ಗೆರೆ ಒಂದೇ ಎಳೆತದಲ್ಲಿ ಕತ್ತಿನಿಂದ ಹಿಮ್ಮಡಿಗೆ ಬರುತ್ತದೆ. ಪೆನ್ಸಿಲ್ ಎತ್ತದೆ ಬರೆಯಬಹುದು. ಬರೆದವನ ಉಸಿರು ನಮ್ಮ ಉಸಿರಿಗೆ ತಾಗುವುದು ಅಲ್ಲೇ.

ಕಥೆ ಕಟ್ಟಿದವರು ಗ್ರೆಗ್ ವೈಸ್‌ಮನ್ ಮತ್ತು ವಿಕ್ಟರ್ ಕುಕ್. ಸರಣಿ 2008ರ ಮಾರ್ಚ್ 8ರಂದು ಅಮೆರಿಕದಲ್ಲಿ ಶುರುವಾಯಿತು. ಎಪಿಸೋಡುಗಳ ಗೊಂಚಲುಗಳಿಗೆ ಕಾಲೇಜಿನ ಪಾಠಗಳ ಹೆಸರು: ಜೀವಶಾಸ್ತ್ರ, ಅರ್ಥಶಾಸ್ತ್ರ, ರಸಾಯನಶಾಸ್ತ್ರ, ಮನಶ್ಶಾಸ್ತ್ರ. ಇದು ಬರೀ ಅಲಂಕಾರವಲ್ಲ. ಅರ್ಥಶಾಸ್ತ್ರದ ಗೊಂಚಲಿನಲ್ಲಿ ಪಾತಕ ಲೋಕದ ದೊರೆಯೊಬ್ಬ ಲೆಕ್ಕ ಹಾಕುತ್ತಾನೆ. ಈ ಹುಡುಗನನ್ನು ಕೊಲ್ಲುವುದಕ್ಕಿಂತ ಅವನಿಗೆ ಸರಿಸಮನಾದ ಖಳರನ್ನು ತಯಾರಿಸಿ ಬಿಟ್ಟರೆ ಅವನು ಅವರ ಜೊತೆ ಗುದ್ದಾಡಿಕೊಂಡಿರುತ್ತಾನೆ, ತನ್ನ ವ್ಯಾಪಾರ ನಿರಾಳವಾಗಿ ನಡೆಯುತ್ತದೆ. ಸ್ಪೈಡರ್-ಮ್ಯಾನ್ ಇರುವ ಊರಿಗೇ ಯಾಕೆ ಇಷ್ಟೊಂದು ವಿಚಿತ್ರ ಖಳರು ಎಂಬ ಪ್ರಶ್ನೆಗೆ ನಾನು ಕೇಳಿದ ಅತ್ಯುತ್ತಮ ಉತ್ತರ ಅದು.

ಯಕ್ಷಗಾನ ನೋಡಲು ಹೋದಾಗ ನಾನು ಮೊದಲು ಹೋಗುವುದು ವೇಷ ಕಟ್ಟುವ ಚೌಕಿಗೆ. ಬಣ್ಣದ ವೇಷದವರು ಬೀಡಿ ಆರಿಸಿ ಕನ್ನಡಿ ಮುಂದೆ ಕೂತು, ಮುಖದ ಮೇಲೆ ಚುಟ್ಟಿ ಇಡುತ್ತಾ ಇಡುತ್ತಾ ರಾಕ್ಷಸನಾಗುವುದನ್ನು ನೋಡದಿದ್ದರೆ ನನಗೆ ಆಟ ಪೂರ್ತಿಯಾಗುವುದಿಲ್ಲ. ಈ ಸರಣಿಯೂ ತನ್ನ ಖಳರಲ್ಲಿ ಅನೇಕರನ್ನು ಮೊದಲು ಚೌಕಿಯಲ್ಲೇ ತೋರಿಸುತ್ತದೆ. ಎಲೆಕ್ಟ್ರೋ ಆಗುವವನು ಪ್ರಯೋಗಾಲಯಕ್ಕೆ ಕೆಲಸಕ್ಕೆ ಬಂದ ಎಲೆಕ್ಟ್ರಿಷಿಯನ್, ಮ್ಯಾಕ್ಸ್ ಅಂತ ಹೆಸರು. ಮೈ ತುಂಬ ವಿದ್ಯುತ್ ಹೊಕ್ಕ ಮೇಲೂ ಅವನು ಬೇಡುವುದು ಮೊದಲಿನ ಹಾಗೆ ಆಗಲಿ ಎಂದಷ್ಟೇ. ಕೊನೆಗೆ ತನ್ನನ್ನು ಮ್ಯಾಕ್ಸ್ ಎಂದು ಕರೆಯಬೇಡಿ ಎನ್ನುವಾಗ ಒಬ್ಬ ಮನುಷ್ಯ ಕಳೆದುಹೋಗುವುದನ್ನು ಕಣ್ಣಾರೆ ಕಂಡಂತಾಗುತ್ತದೆ. ಮೊದಲ ಎಪಿಸೋಡಿನಲ್ಲೇ ಸಿಕ್ಕಿಬೀಳುವ ಇಬ್ಬರು ಚಿಲ್ಲರೆ ಕಳ್ಳರಿದ್ದಾರೆ. ಮತ್ತೆ ಮತ್ತೆ ಸಿಕ್ಕಿಬೀಳುತ್ತಾರೆ, ನಾವು ನಗುತ್ತೇವೆ. ಐದನೆಯ ಎಪಿಸೋಡಿನಲ್ಲಿ ಅವರಲ್ಲೊಬ್ಬ ಸ್ಯಾಂಡ್‌ಮ್ಯಾನ್, ಆರನೆಯದರಲ್ಲಿ ಇನ್ನೊಬ್ಬ ರೈನೋ. ಅಷ್ಟು ಹೊತ್ತಿಗೆ ಅವರು ನಮಗೆ ಪರಿಚಯದವರು.

ಒಂದು ಎಪಿಸೋಡನ್ನು ಮಾತ್ರ ನಾನು ಎಷ್ಟು ಸಲ ನೋಡಿದ್ದೇನೋ. ‘ಗ್ರೂಪ್ ಥೆರಪಿ’. ಸ್ಪೈಡರ್-ಮ್ಯಾನ್ ಮುಖವಾಡದ ಹಿಂದಿನ ಹುಡುಗ ಪೀಟರ್, ತನ್ನದೇ ಜೀವವಿರುವ ಕಪ್ಪು ಪೋಷಾಕು ತೊಟ್ಟಿರುವ ಕಾಲ. ಆರು ಖಳರು ಒಟ್ಟಾಗಿ ಅವನನ್ನು ಬಡಿದು ಹಾಕಿದ್ದಾರೆ, ಹುಡುಗ ಸುಸ್ತಾಗಿ ಮಲಗಿದ್ದಾನೆ. ಅವನು ನಿದ್ದೆಯಲ್ಲಿರುವಾಗಲೇ ಪೋಷಾಕು ಅವನ ಮೈಯನ್ನು ಎಬ್ಬಿಸಿಕೊಂಡು ಹೋಗಿ ಆರೂ ಜನರ ಮೇಲೆ ಬೀಳುತ್ತದೆ. ಸ್ಪೈಡರ್-ಮ್ಯಾನ್ ಅಂದರೆ ಬಾಯಿಬಡುಕ. ಏಟಿಗೊಂದು ಮಾತು, ಮಾತಿಗೊಂದು ಚಟಾಕಿ. ಈ ಹೊಡೆದಾಟದಲ್ಲಿ ಅವನು ತುಟಿ ಬಿಚ್ಚುವುದಿಲ್ಲ. ಫ್ರೇಮ್ ಫ್ರೇಮ್ ಆಗಿ ನೋಡಿದರೆ ಮೈಯ ಭಂಗಿಯೂ ಬೇರೆಯೇ: ಹಾರುವ ಮೊದಲು ಅವನು ಸಾಮಾನ್ಯವಾಗಿ ಮೈ ಕುಗ್ಗಿಸಿ ಸಿದ್ಧನಾಗುತ್ತಾನಲ್ಲ, ಆ ಸಿದ್ಧತೆಯೇ ನನಗೆ ಕಾಣಲಿಲ್ಲ. ಹೆದರಿಕೆ ಹುಟ್ಟಿಸುವುದು ಏಟಿನ ರಭಸವಲ್ಲ, ಬಾಯಿಗೆ ಬೀಗ ಬಿದ್ದ ಆ ಗೆಳೆಯ. ಅಕ್ಕನ ಮಗ ಇದನ್ನು ಮೊದಲು ನೋಡಿದಾಗ ಪಿಸುದನಿಯಲ್ಲಿ ಕೇಳಿದ್ದ, “ಮಾಮ, ಅವನು ಯಾಕೆ ಮಾತಾಡ್ತಿಲ್ಲ?”

ಕೊರತೆಗಳನ್ನೂ ಹೇಳಲೇಬೇಕು, ಇಷ್ಟು ಹತ್ತಿರದಿಂದ ನೋಡಿದವನು ಅವನ್ನು ಮುಚ್ಚಿಟ್ಟರೆ ಪ್ರೀತಿಗೇ ಅರ್ಥವಿಲ್ಲ. ಊರು ಬಡವಾಗಿದೆ. ನ್ಯೂಯಾರ್ಕಿನ ಬೀದಿಯಲ್ಲಿ ಹಿಂದೆ ನಿಂತ ಜನ ಎಷ್ಟೋ ಫ್ರೇಮ್ ಕದಲುವುದೇ ಇಲ್ಲ. ಕಟ್ಟಡಗಳಿಗೆ ವಾಸದ ಗುರುತಿಲ್ಲ, ಒಣಗಿಸಿದ ಒಂದು ಬಟ್ಟೆಯಿಲ್ಲ. ನಮ್ಮ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯನ್ನು ದಿನವೂ ನೋಡುವ ಕಣ್ಣಿಗೆ ಅದು ಊರು ಅನ್ನಿಸುವುದಿಲ್ಲ, ರಂಗದ ಪರದೆ ಅನ್ನಿಸುತ್ತದೆ. ಕೆಡುಕು ಹೆಚ್ಚಾಗಿ ಒಂದೇ ಕಂಪನಿ, ಒಂದೇ ಪ್ರಯೋಗಾಲಯದ ಬಾಗಿಲಿನಿಂದ ಹೊರಗೆ ಬರುತ್ತದೆ. ನನ್ನನ್ನು ಹೆಚ್ಚು ನೋಯಿಸಿದ್ದು ಪೀಟರನ ಗೆಳತಿ ಗ್ವೆನ್ ಪಾತ್ರ. ಪೀಟರನಷ್ಟೇ ಬುದ್ಧಿವಂತೆ, ಅದೇ ಲ್ಯಾಬಿನಲ್ಲಿ ಕೆಲಸ. ಆದರೂ ಅವಳ ಪಾಲಿಗೆ ಹೆಚ್ಚಾಗಿ ಬಂದದ್ದು ಕಾಯುವುದು, ಕಣ್ಣು ತುಂಬಿಕೊಳ್ಳುವುದು. ಅವಳ ಬುದ್ಧಿಗೆ ತಕ್ಕ ಒಂದು ಎಪಿಸೋಡನ್ನು ಬರೆಯಬಹುದಿತ್ತು.

ಇದಕ್ಕಿಂತ ದೊಡ್ಡ ಕೊರತೆ ಅದರ ದೊಡ್ಡ ಗುಣದ ಹೊಟ್ಟೆಯಲ್ಲೇ ಇದೆ. ವೈಸ್‌ಮನ್ ಮನಸ್ಸಿನಲ್ಲಿದ್ದದ್ದು 65 ಎಪಿಸೋಡುಗಳ ಲೆಕ್ಕ. ಹಾಗಾಗಿ ಅವರು ಮುಂದಿನ ಪೈರಿಗೆಂದು ಉದ್ದಕ್ಕೂ ಬೀಜ ಬಿತ್ತುತ್ತಲೇ ಹೋದರು. ಹಿನ್ನೆಲೆಯಲ್ಲಿ ಹಾದುಹೋದ ಒಬ್ಬ ಮೇಷ್ಟ್ರು, ಒಬ್ಬ ವಿಜ್ಞಾನಿ, ಹೆಸರು ಮಾತ್ರ ಕೇಳಿದ ಒಬ್ಬ ಹುಡುಗ, ಎಲ್ಲರಿಗೂ ಮುಂದೆ ಪಾತ್ರವಿದೆ ಎಂಬ ಭರವಸೆ. 2009ರಲ್ಲಿ ಟಿವಿ ಹಕ್ಕು ಸೋನಿಯಿಂದ ಮಾರ್ವೆಲ್‌ಗೆ ಮರಳಿತು, ಅದೇ ವರ್ಷ ಮಾರ್ವೆಲನ್ನೇ ಕೊಳ್ಳುವುದಾಗಿ ಡಿಸ್ನಿ ಘೋಷಿಸಿತು. 26 ಎಪಿಸೋಡಿಗೆ ಸರಣಿ ನಿಂತಿತು. ಕೊನೆಯದು ಅಮೆರಿಕದಲ್ಲಿ ಪ್ರಸಾರವಾದದ್ದು ಆ ವರ್ಷದ ನವೆಂಬರ್ 18ರಂದು. ಪೀಟರ್ ಮತ್ತು ಗ್ವೆನ್ ಒಂದಾಗಬೇಕು ಅನ್ನುವಷ್ಟರಲ್ಲಿ ದೂರವಾಗುತ್ತಾರೆ, ಸತ್ತನೆಂದುಕೊಂಡ ಖಳನೊಬ್ಬ ವೇಷ ಮರೆಸಿಕೊಂಡು ಹೊರಟುಹೋಗುತ್ತಾನೆ, ಅಲ್ಲಿಗೆ ಮುಗಿಯಿತು. ನಾಳೆ ಇರದಿರಬಹುದು ಎಂದು ಆತುರಪಟ್ಟು ಗಂಟು ಹಾಕಿದ್ದರೆ ಕಥೆಗೆ ಮುಕ್ತಾಯ ಸಿಗುತ್ತಿತ್ತು, ಮ್ಯಾಕ್ಸ್‌ನಂಥವರನ್ನು ಚೌಕಿಯಲ್ಲಿ ಕೂರಿಸಿ ತೋರಿಸಲು ಸಮಯ ಸಿಗುತ್ತಿರಲಿಲ್ಲ. ನಾನು ಆ ತಾಳ್ಮೆಯ ಪರ. ಆದರೂ ಕೊನೆಯ ಡಿವಿಡಿ ತೆಗೆದು ಡಬ್ಬಿಗೆ ಹಾಕುವಾಗ ಪ್ರತಿ ಸಲ ಸಂಕಟವಾಗುತ್ತದೆ.

ಹೀಗೆ ಅರ್ಧದಲ್ಲಿ ನಿಂತ ಇನ್ನೊಬ್ಬ ಸ್ಪೈಡರ್-ಮ್ಯಾನ್ ಇದ್ದಾನೆ, ಅವನು ನಮ್ಮ ಬೆಂಗಳೂರಿನವನು. ಕಥೆಯಲ್ಲಿ ಅವನ ವಾಸ ಮುಂಬೈ, ಆದರೆ ಅವನನ್ನು ರೂಪಿಸಿದ್ದು ಇಲ್ಲಿನ ಗಾಥಮ್ ಎಂಟರ್‌ಟೈನ್‌ಮೆಂಟ್. ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಕಥೆ ಹೊಸೆದರು, ಜೀವನ್ ಕಾಂಗ್ ಚಿತ್ರ ಬರೆದರು. ಅವನ ಹೆಸರು ಪವಿತ್ರ್ ಪ್ರಭಾಕರ್. ಜೇಡ ಕಚ್ಚಿ ಅಲ್ಲ, ಯೋಗಿಯೊಬ್ಬ ಕೊಟ್ಟ ಶಕ್ತಿ. ಸೊಂಟದಿಂದ ಕೆಳಗೆ ಕಚ್ಚೆಪಂಚೆ. 2004ರ ಸುಮಾರಿಗೆ ಬಂದದ್ದು ನಾಲ್ಕೇ ಸಂಚಿಕೆ. ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕಗಳ ರಾಶಿಯಲ್ಲಿ ನನಗೆ ಒಂದು ಸಿಕ್ಕಿತ್ತು. ಜಿಗಿಯುವಾಗ ಗಾಳಿಗೆ ಉಬ್ಬಿದ ಪಂಚೆಯ ನೆರಿಗೆಗಳನ್ನು ಎಷ್ಟು ಬೆಳಗು ತಿದ್ದಿದ್ದೇನೆ! ನೆರಿಗೆಯಿದ್ದಲ್ಲಿ ಚಲನೆ ತಾನಾಗಿ ಬರುತ್ತದೆ, ಯಕ್ಷಗಾನದ ಗಿರಕಿಯಲ್ಲಿ ಬರುವ ಹಾಗೆ.

2023ರ ಜೂನ್‌ನಲ್ಲಿ ‘ಸ್ಪೈಡರ್-ಮ್ಯಾನ್: ಅಕ್ರಾಸ್ ದಿ ಸ್ಪೈಡರ್-ವರ್ಸ್’ ಇಂಗ್ಲಿಷ್, ಕನ್ನಡ ಸೇರಿ ಹತ್ತು ಭಾಷೆಗಳಲ್ಲಿ ಭಾರತದಲ್ಲಿ ತೆರೆ ಕಂಡಿತು. ಅಕ್ಕನ ಮಗನ ಜೊತೆ ಹೋದೆ. ಪರದೆಯ ಮೇಲೆ ಪವಿತ್ರ್ ಕನ್ನಡದಲ್ಲಿ ಮಾತಾಡಿದಾಗ ಹುಡುಗ ನನ್ನ ಕೈ ಹಿಡಿದುಕೊಂಡ. ಮುಂದೆ ನೂರಾರು ಸ್ಪೈಡರ್-ಮ್ಯಾನ್‌ಗಳು ತುಂಬಿದ ದೃಶ್ಯದಲ್ಲಿ, ಗುಂಪಿನ ನಡುವೆ, ದೊಡ್ಡ ಕಣ್ಣಿನ, ಸಣಕಲು ಕಾಲಿನ ಒಬ್ಬ ನಿಂತಿದ್ದ. ಪಕ್ಕದವರಿಗೆಲ್ಲ ಅವನು ಗುಂಪಿನಲ್ಲೊಬ್ಬ. ನನಗೆ ಆ ಬೆನ್ನಿನ ಗೆರೆ ಕತ್ತಲಲ್ಲೂ ಗೊತ್ತು. ಒಂದು ಮಾತಾಡಿ ಮರೆಯಾದ. ಇಂಗ್ಲಿಷ್ ಆವೃತ್ತಿ ಮನೆಗೆ ಬಂದಾಗ ಗೊತ್ತಾಯಿತು, ದನಿಯೂ ಅದೇ, ಸರಣಿಯಲ್ಲಿ ಅವನಿಗೆ ದನಿ ಕೊಟ್ಟ ಜಾಶ್ ಕೀಟನ್‌ದು.

ಆ ಸಂಜೆ ನಾನೂ ಹುಡುಗನೂ ಕಂಪ್ಯೂಟರಿನ ಮುಂದೆ ಕೂತು ಅವನನ್ನು ಹುಡುಕಿದೆವು. ‘ಇ’ ಕೀಲಿ ಒತ್ತುತ್ತಾ ಒತ್ತುತ್ತಾ ಅವನ ಮುಖ ಪರದೆಯ ನಡುವಿಗೆ ಬರುವ ಹೊತ್ತಿಗೆ ರನ್‌ವೇ ಕಡೆಯಿಂದ ತೇಜಸ್ಸಿನ ಮೊರೆತ ಎದ್ದಿತು. ಗಾಜು ನಡುಗಿತು. ಹುಡುಗ ಏನೋ ಹೇಳಹೊರಟು ನಿಲ್ಲಿಸಿದ, ಸದ್ದು ವೈಟ್‌ಫೀಲ್ಡಿನತ್ತ ಕರಗುವವರೆಗೂ ಪರದೆಯಿಂದ ಕಣ್ಣು ಕೀಳಲಿಲ್ಲ.

“ಮಾಮ, ಟ್ರೇಸಿಂಗ್ ಪೇಪರ್ ಎಲ್ಲಿದೆ?”